ಸಾಂತೋಮಿನ ಕೆಂಪು ಮಣ್ಣೂ ಮಹಡಿಯ ಮೇಲಣ ಬಸಳೆಯೂ

ಮೈಲಾಪುರದಲ್ಲಿ ಅನ್ನ ಹುಡುಕಿಕೊಂಡಿರುವ ನಮ್ಮ ಬಂಧುಗಳಲ್ಲಿ ಸಾಂತೋಮಿನ ಬಿಳಿಯ ಶಿಖರವನ್ನು ಕಾಣದವರಿರಲಾರರು. ಮಧ್ಯಾಹ್ನದ ಊಟದ ಪಂಕ್ತಿ ಮುಗಿದು ಸಂಜೆಯ ತಿಂಡಿಯ ಗಿರಾಕಿಗಳು ಬರುವ ಮುನ್ನ ದೊರೆಯುವ ಒಂದೆರಡು ಗಂಟೆಯ ವಿರಾಮದಲ್ಲಿ ಕಪಾಲೀಶ್ವರನ ಸನ್ನಿಧಿಯಿಂದ ಕಚೇರಿ ರಸ್ತೆಯನ್ನು ಹಿಡಿದು ಕಡಲ ಕಡೆಗೆ ನಡೆದರೆ ಆ ಶಿಖರವೇ ನಮಗೆ ದಾರಿದೀಪವು. ಏಸುವಿನ ಶಿಷ್ಯರಲ್ಲೊಬ್ಬನಾದ ತೋಮನ ಸಮಾಧಿಯು ಅಲ್ಲಿದೆಯೆಂಬುದು ಕ್ರೈಸ್ತರ ನಂಬುಗೆ. ಪೋರ್ಚುಗೀಸರು ೧೬ನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿಯನ್ನು ತೆಗೆದು ಈಗಿನ ಭವ್ಯ ದೇವಾಲಯವನ್ನು ೧೮೯೬ರಲ್ಲಿ ಪೂರ್ಣಗೊಳಿಸಿದರು. ಇಷ್ಟು ಸಂಗತಿಯನ್ನು ಅಲ್ಲಿನ ಫಲಕಗಳೇ ಹೇಳುತ್ತವೆ. ಅವು ಹೇಳುವುದಕ್ಕಿಂತ ಹಿಂದಿನ ಮಾತೊಂದನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯಹೊರಟಿದ್ದೇವೆ.

೧೩ನೆಯ ಶತಮಾನದ ಕೊನೆಯಲ್ಲಿ ಚೀನದಿಂದ ತನ್ನ ಊರಿಗೆ ಹಿಂದಿರುಗುತ್ತಿದ್ದ ವೆನಿಸಿನ ವರ್ತಕ ಮಾರ್ಕೊ ಪೋಲೊ ಈ ತೀರದ ವಿಷಯವನ್ನು ತನ್ನ ಪ್ರವಾಸ ಕಥನದಲ್ಲಿ ಬರೆಯಿಸಿದ್ದಾನೆ. ಸಂತನು ಮಡಿದ ಸ್ಥಳದ ಕೆಂಪು ಮಣ್ಣನ್ನು ಯಾತ್ರಿಕರು ಕಟ್ಟಿಕೊಂಡು ಹೋಗುತ್ತಿದ್ದರಂತೆ. ದಿನ ಬಿಟ್ಟು ದಿನ ಬರುವ ಜ್ವರ, ಎರಡು ದಿನ ಬಿಟ್ಟು ಬರುವ ಜ್ವರ, ಇವುಗಳಿಂದ ನರಳುವವರಿಗೆ ಅದರಲ್ಲಿ ಸ್ವಲ್ಪವನ್ನು ಕೊಟ್ಟರೆ ಗುಣವಾಗುತ್ತಿತ್ತೆಂದು ಜನರು ನಂಬಿದ್ದರಂತೆ. ಕ್ರೈಸ್ತರಷ್ಟೇ ಅಲ್ಲ, ಮುಸಲ್ಮಾನರೂ ಆ ಸ್ಥಳಕ್ಕೆ ಭಕ್ತಿಯಿಂದ ಬರುತ್ತಿದ್ದರಂತೆ. ಇನ್ನೊಂದು ಮಾತನ್ನೂ ಆತನು ಸೇರಿಸುತ್ತಾನೆ. ಆ ಗುಡಿಯನ್ನು ನೋಡಿಕೊಳ್ಳುತ್ತಿದ್ದವರ ಜೀವನವು ತೆಂಗಿನ ತೋಟದಿಂದ ನಡೆಯುತ್ತಿತ್ತು. ಮರವೊಂದಕ್ಕೆ ಇಷ್ಟೆಂದು ಅವರು ಅರಸನಿಗೆ ತೆರಿಗೆಯನ್ನು ತೆರುತ್ತಿದ್ದರು. ರೋಗಿಗೆ ಮಣ್ಣು, ಪರಿಚಾರಕನಿಗೆ ತೋಟ. ಏಳು ನೂರು ವರ್ಷಗಳ ಹಿಂದೆಯೂ ಈ ಕಡಲ ತೀರದಲ್ಲಿ ರೋಗಶಾಂತಿಯೂ ಗಿಡಮರವೂ ಒಂದೇ ಬೇಲಿಯ ಒಳಗಿದ್ದವು.

ಇದನ್ನು ಓದಿ ನಗುವ ಹಕ್ಕು ನಮಗಿಲ್ಲ. ಕುಕ್ಕೆ ಸುಬ್ರಹ್ಮಣ್ಯದ ಮೃತ್ತಿಕಾ ಪ್ರಸಾದವನ್ನು ಚರ್ಮರೋಗಕ್ಕೆಂದು ಹಣೆಗೂ ಮೈಗೂ ಹಚ್ಚಿಕೊಂಡು ಬೆಳೆದವರು ನಾವು. ದಿನ ಬಿಟ್ಟು ದಿನ ಬರುವ ಮಲೇರಿಯ ಜ್ವರಕ್ಕೆ ಸೊಳ್ಳೆಯೇ ವಾಹನವೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ೧೮೯೭ರಲ್ಲಿ ಕಂಡುಹಿಡಿದ ಮೇಲೆ ತಿಳಿಯಿತು. ಅದಕ್ಕೆ ಮೊದಲು ಮಣ್ಣನ್ನಲ್ಲದೆ ಮತ್ತೇನನ್ನು ನಂಬಬೇಕಾಗಿತ್ತು?

ಕ್ರೈಸ್ತರ ರೋಗಶಾಂತಿಯ ಸೇವೆಯೆಂದರೆ ಇಂದು ಅನೇಕರಿಗೆ ನೆನಪಾಗುವುದು ಧ್ವನಿವರ್ಧಕವನ್ನಿಟ್ಟು ನಡೆಸುವ ದೊಡ್ಡ ಪ್ರಾರ್ಥನಾ ಸಭೆಗಳು ಮಾತ್ರ. ಆದರೆ ಆ ಸೇವೆಗೆ ಇನ್ನೊಂದು ಹಳೆಯ ಮುಖವಿದೆ, ಅದು ತೋಟದ ಮುಖ. ಸ್ವಿಟ್ಸರ್ಲೆಂಡಿನ ಸಂತ ಗಾಲನ ಮಠದಲ್ಲಿ ಸುಮಾರು ೧,೨೦೦ ವರ್ಷಗಳ ಹಿಂದಣ ಒಂದು ಚರ್ಮದ ಹಾಳೆಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಆದರ್ಶವಾದ ಮಠವು ಹೇಗಿರಬೇಕೆಂಬ ನಕ್ಷೆಯು ಅದರ ಮೇಲಿದೆ. ಅದರಲ್ಲಿ ರೋಗಿಗಳ ಮನೆ, ಅದರ ಬಳಿಯಲ್ಲಿ ವೈದ್ಯನ ಮನೆ, ಅದಕ್ಕೆ ತಾಗಿದಂತೆ ೧೬ ಪಾತಿಗಳ ಔಷಧಿಯ ತೋಟ. ಪಾತಿ ಪಾತಿಯ ಮೇಲೂ ಗಿಡದ ಹೆಸರನ್ನು ಬರೆದಿದ್ದಾರೆ. ಜೀರಿಗೆ, ಮೆಂತ್ಯ, ಬಡೆಸೋಪು, ಪುದೀನ! ನಮ್ಮ ಅಡುಗೆಭಟ್ಟರ ಮಸಾಲೆಯ ಪೆಟ್ಟಿಗೆಯನ್ನು ತೆರೆದು ನೋಡಿ ಬರೆದಂತಿದೆ. ಎಸ್.ಎಸ್.ಎಲ್.ಸಿ.ಗೆ ಓದನ್ನು ನಿಲ್ಲಿಸಿ ಗಲ್ಲಾದ ಮುಂದೆ ಕುಳಿತ ನಮಗೆ ಇಂಥ ಪ್ರಾಚೀನ ವಿಷಯಗಳಲ್ಲಿ ಅಧಿಕಾರವಿಲ್ಲ. ಆದರೆ ಜೀರಿಗೆಯ ವಿಷಯದಲ್ಲಿ ಉಂಟು.

ಅದೇ ಸ್ವಿಟ್ಸರ್ಲೆಂಡಿನಿಂದ ನಮ್ಮ ಉಡುಪಿಗೆ ಬಂದವರು ಡಾಕ್ಟರ್ ಈವಾ ಲೊಂಬಾರ್ಡ್. ಬಾಸೆಲ್ ಮಿಷನ್ನಿನ ಆಶ್ರಯದಲ್ಲಿ ೧೯೨೩ರಲ್ಲಿ ಅವರು ಅಲ್ಲಿ ಆಸ್ಪತ್ರೆಯನ್ನು ತೆರೆದರು. ಇಂದಿಗೂ ಊರಿನವರ ಬಾಯಲ್ಲಿ ಅದು ಬರಿಯ ‘ಮಿಷನ್ ಆಸ್ಪತ್ರೆ’. ನಮ್ಮ ಮಾಣಿಗಳಲ್ಲಿ ಎಷ್ಟೋ ಮಂದಿಯ ತಾಯಂದಿರು, ಅಜ್ಜಿಯರು ಹೆರಿಗೆಗೆ ಹೋದದ್ದು ಅಲ್ಲಿಗೇ. ಅದಕ್ಕೂ ಮೊದಲು, ೧೮೮೦ರಲ್ಲಿ, ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿತ ಪಾದ್ರಿ ಆಗಸ್ಟಸ್ ಮುಲ್ಲರ್ ಬಡವರಿಗೆ ಹೋಮಿಯೋಪತಿ ಮದ್ದನ್ನು ಹಂಚಲು ಪ್ರಾರಂಭಿಸಿದ್ದು ಆಲದ ಮರವೊಂದರ ಕೆಳಗೆ ಎಂದು ಹೇಳುತ್ತಾರೆ. ೧೮೯೦ರಲ್ಲಿ ಕುಷ್ಠರೋಗಿಗಳಿಗೆ ಆಶ್ರಮವನ್ನೂ ಕಟ್ಟಿದರು. ಇತ್ತ ವೇಲೂರಿನಲ್ಲಿ ಐಡಾ ಸ್ಕಡರ್ ೧೯೦೦ರಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯದಿಂದ ಹೊರಟದ್ದನ್ನು ವಾಚಕರು ಬಲ್ಲರು. ಮೈಲಾಪುರದಲ್ಲಿಯೇ ನಮ್ಮ ಕೆ. ಕೃಷ್ಣರಾಯರ ನ್ಯೂ ವುಡ್‌ಲ್ಯಾಂಡ್ಸ್ ಇರುವ ರಾಧಾಕೃಷ್ಣನ್ ರಸ್ತೆಯಲ್ಲಿ ಕಲ್ಯಾಣಿ ಆಸ್ಪತ್ರೆಯಿದೆ. ಹೆಸರನ್ನು ಕೇಳಿ ಅದು ಮಠದ್ದೋ ದೇವಸ್ಥಾನದ್ದೋ ಎಂದು ತಿಳಿದುಕೊಳ್ಳುವ ಹೊಸ ಗುಮಾಸ್ತರಿದ್ದಾರೆ. ಅದನ್ನು ನಡೆಯಿಸುವವರು ದಕ್ಷಿಣ ಭಾರತ ಸಭೆಯ ಕ್ರೈಸ್ತರು.

ಈಗ ನಮ್ಮ ಕಸಬಿನ ರೋಗಕ್ಕೆ ಬರೋಣ. ಹಿಂದಿನ ತಲೆಮಾರಿನ ಹೋಟೆಲು ಕೆಲಸಗಾರರನ್ನು ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಕ್ಷಯವು. ಹೊಗೆ, ಬೆವರು, ಒಂದೇ ಕೋಣೆಯಲ್ಲಿ ಹತ್ತು ಚಾಪೆ, ಗಾಳಿಯಿಲ್ಲದ ಹಿತ್ತಿಲು: ಕ್ರಿಮಿಗೆ ಇದಕ್ಕಿಂತ ಒಳ್ಳೆಯ ಹೋಟೆಲು ಬೇಕೆ? ಔಷಧಿಯಿಲ್ಲದ ಆ ಕಾಲದಲ್ಲಿ ಬೆಳಕು, ಗಾಳಿ, ವಿಶ್ರಾಂತಿ, ಮಿತವಾದ ತೋಟದ ಕೆಲಸ, ಇವೇ ಚಿಕಿತ್ಸೆ. ಇಂಗ್ಲೆಂಡಿನ ಫ್ರಿಮ್ಲಿಯಲ್ಲಿ ಡಾಕ್ಟರ್ ಪ್ಯಾಟರ್ಸನ್ನರು ೧೯೦೫ರಿಂದ ಮುಂದೆ ರೋಗಿಗಳ ಕೈಗೆ ಬುಟ್ಟಿಯನ್ನೂ ಗುದ್ದಲಿಯನ್ನೂ ಕ್ರಮಕ್ರಮವಾಗಿ ಕೊಟ್ಟು ನೋಡಿದರು. ಕೋಲಾರದ ಗಡಿಯಾಚೆಗಿನ ಮದನಪಲ್ಲಿಯ ಬಳಿ ಡೇನಿಷ್ ಮಿಷನರಿ ಡಾಕ್ಟರ್ ಫ್ರಿಮೊಟ್ ಮೊಲ್ಲರ್ ನೇತೃತ್ವದಲ್ಲಿ ಹಲವು ಮಿಷನ್ನುಗಳು ಕೂಡಿ ಕ್ಷಯದ ಆರೋಗ್ಯಧಾಮವನ್ನು ಸ್ಥಾಪಿಸಿದವು. ಆ ಸ್ಥಳಕ್ಕೆ ಆರೋಗ್ಯವರಂ ಎಂದೇ ಹೆಸರಾಯಿತು. ಮದರಾಸಿನ ಹೊರವಲಯದ ತಾಂಬರದಲ್ಲಿ ೧೯೨೮ರಲ್ಲಿ ಆರೋಗ್ಯಧಾಮವನ್ನು ತೆರೆದವರು ಡಾಕ್ಟರ್ ಡೇವಿಡ್ ಚೌರಿ ಮುತ್ತು. ಗಣಿತಜ್ಞ ರಾಮಾನುಜನ್ ಇಂಗ್ಲೆಂಡಿನಲ್ಲಿ ಕಾಯಿಲೆ ಬಿದ್ದಾಗ ಇವರ ಮೆಂಡಿಪ್ ಗುಡ್ಡದ ಆರೋಗ್ಯಧಾಮದಲ್ಲಿಯೇ ಕೆಲಕಾಲ ಇದ್ದರು.

ಹಾಗಾದರೆ ಗಾಳಿಯೂ ತೋಟವೂ ಕ್ಷಯವನ್ನು ಗುಣಪಡಿಸುತ್ತವೆಯೇ? ಇಲ್ಲ. ಈ ಉತ್ತರವನ್ನು ಜಗತ್ತಿಗೆ ಕೊಟ್ಟದ್ದು ಇದೇ ಮದರಾಸು ಎಂಬುದು ನಮ್ಮ ನಗರಕ್ಕೆ ಒಂದು ಹೆಮ್ಮೆ. ಚೇಟ್‌ಪಟ್ಟಿನ ಕ್ಷಯರೋಗ ಸಂಶೋಧನ ಕೇಂದ್ರದಲ್ಲಿ ೧೯೫೬ರಿಂದ ಡಾಕ್ಟರ್ ವಾಲೆಸ್ ಫಾಕ್ಸ್ ಮತ್ತವರ ಸಂಗಡಿಗರು ಇನ್ನೂರರ ಹತ್ತಿರ ಬಡ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲು ಆರೋಗ್ಯಧಾಮಕ್ಕೆ: ಮಂಚ, ವಿಶ್ರಾಂತಿ, ಪುಷ್ಟಿಯಾದ ಊಟ, ಗಾಳಿ. ಇನ್ನೊಂದು ಪಾಲು ತಮ್ಮ ತಮ್ಮ ಇಕ್ಕಟ್ಟಾದ ಮನೆಗಳಲ್ಲಿಯೇ. ಇಬ್ಬರಿಗೂ ಒಂದೇ ಮಾತ್ರೆ, ಒಂದು ವರ್ಷ. ೧೯೫೯ರಲ್ಲಿ ಪ್ರಕಟವಾದ ಫಲಿತಾಂಶವು ವೈದ್ಯಲೋಕವನ್ನೇ ಬೆರಗುಗೊಳಿಸಿತು. ಮನೆಯಲ್ಲಿದ್ದವರೂ ಹೆಚ್ಚುಕಡಮೆ ಅಷ್ಟೇ ಚೆನ್ನಾಗಿ ಗುಣಹೊಂದಿದ್ದರು. ಅವರ ಮನೆಮಂದಿಗೆ ರೋಗವು ಹೆಚ್ಚಾಗಿ ಅಂಟಿರಲೂ ಇಲ್ಲ. ಅಲ್ಲಿಂದ ಮುಂದೆ ಆರೋಗ್ಯಧಾಮಗಳ ಯುಗವು ಮುಗಿಯತೊಡಗಿತು. ಗುಣಪಡಿಸಿದ್ದು ಮಾತ್ರೆಯೇ ಹೊರತು ಮರದ ನೆರಳಲ್ಲ. ಆದರೆ ಹೊಸದೊಂದು ಸಂಕಟವು ತಲೆದೋರಿತು. ಕೆಮ್ಮು ನಿಂತ ಕೂಡಲೇ ಮಾತ್ರೆಯನ್ನೂ ನಿಲ್ಲಿಸಿಬಿಡುವ ಮನುಷ್ಯನನ್ನು ತಿಂಗಳುಗಟ್ಟಲೆ ಮಾತ್ರೆ ನುಂಗುವಂತೆ ಮಾಡುವುದು ಹೇಗೆ?

ಇಲ್ಲಿ ನಮ್ಮ ಸ್ವಂತ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ.

೨೦೧೮ರಲ್ಲಿ, ನಾವಿನ್ನೂ ಪತ್ರಿಕೆಯ ಮೇಜಿಗೆ ಬಂದಿರಲಿಲ್ಲ. ಕಚೇರಿ ರಸ್ತೆಯ ಹಿಂದಣ ಓಣಿಯಲ್ಲಿ ಎಂಟು ಮೇಜಿನ ಹೋಟೆಲನ್ನು ನಡೆಯಿಸುತ್ತಿದ್ದೆವು. ಬೈಂದೂರಿನ ಕಡೆಯ ಹುಡುಗನೊಬ್ಬನು ಕಾಫಿಯ ಬಾಯ್ಲರಿನ ಮುಂದೆ ನಿಲ್ಲುತ್ತಿದ್ದನು. ಅವನಿಗೆ ಕೆಮ್ಮು ಹತ್ತಿತು. ಒಂದು ತಿಂಗಳು ನಾವು ಕಷಾಯವನ್ನು ಕೊಟ್ಟೆವು. ಎರಡನೆಯ ತಿಂಗಳು ಗಿರಾಕಿಗಳು ಮುಖ ತಿರುಗಿಸಲಾರಂಭಿಸಿದಾಗ ಊರಿಗೆ ಹೋಗಿ ಬಾ ಎಂದೆವು. ಆ ಮಾತಿನ ಅರ್ಥವು ಹೋಟೆಲಿನಲ್ಲಿ ದುಡಿಯುವ ಎಲ್ಲರಿಗೂ ತಿಳಿದದ್ದೇ. ಹೋಗು ಎಂಬುದು ನಿಜ, ಬಾ ಎಂಬುದು ಉಪಚಾರ. ಹುಡುಗನು ಊರಿಗೆ ಹೋಗಲಿಲ್ಲ. ಮನೆಗೆ ಹಣ ಕಳುಹಿಸಬೇಕಾಗಿತ್ತು. ಯಾರೋ ಹೇಳಿದರೆಂದು ಸಂಜೆಯ ಪ್ರಾರ್ಥನೆಗೆ ಹೋಗಿ ಮೇಣದ ಬತ್ತಿಯನ್ನು ಹಚ್ಚಿ ಬರತೊಡಗಿದನು. ಅಲ್ಲಿಗೆ ಬರುತ್ತಿದ್ದ ವೃದ್ಧ ಸಂನ್ಯಾಸಿನಿಯೊಬ್ಬರು, ಹಿಂದೆ ದಾದಿಯಾಗಿದ್ದವರು, ಅವನ ಕೆಮ್ಮನ್ನು ಕೇಳಿ ಹತ್ತಿರ ಕರೆದರು. ಪ್ರಾರ್ಥನೆಯ ಹೊಣೆ ತಮ್ಮದೆಂದೂ ಕಫದ ಪರೀಕ್ಷೆಯ ಹೊಣೆ ಅವನದೆಂದೂ ಹೇಳಿ ಮರುದಿನವೇ ಸರಕಾರಿ ಚಿಕಿತ್ಸಾಲಯಕ್ಕೆ ತಾವೇ ಕರೆದೊಯ್ದರು. ಕ್ಷಯವೇ ಆಗಿತ್ತು. ಆಮೇಲೆ ನಮ್ಮ ಗಲ್ಲಾದ ಮುಂದೆಯೂ ಬಂದು ನಿಂತರು. ನಮಗೆ ಒಂದು ಕಟುವಾದ ಮಾತನ್ನೂ ಅವರು ಆಡಲಿಲ್ಲ. ಹುಡುಗನು ಎಲ್ಲಿ ಮಲಗುವನು ಎಂದಷ್ಟೇ ಕೇಳಿದರು.

ಮಹಡಿಯ ಮೇಲೆ ನೀರಿನ ತೊಟ್ಟಿಯ ಪಕ್ಕದಲ್ಲಿ ತಗಡಿನ ಮಾಡಿನ ಒಂದು ಕೋಣೆಯಿತ್ತು. ಮೊದಲ ಕೆಲವು ವಾರಗಳು ಅವನು ಬೇರೆಯಾಗಿ, ಗಾಳಿಯಾಡುವ ಕಡೆ ಇರಬೇಕೆಂದು ವೈದ್ಯರು ಹೇಳಿದ್ದರು, ಅಲ್ಲಿಯೇ ಇರಿಸಿದೆವು. ಆರು ತಿಂಗಳ ಮಾತ್ರೆ, ದಿನವೂ. ಔಷಧಿಗೆ ದುಡ್ಡಿಲ್ಲ. ಪಥ್ಯಕ್ಕೆಂದು ಕೇಂದ್ರ ಸರಕಾರವು ಆ ವರ್ಷದ ಏಪ್ರಿಲಿನಿಂದ ರೋಗಿಗಳ ಖಾತೆಗೆ ತಿಂಗಳಿಗೆ ೫೦೦ ರೂಪಾಯಿಗಳನ್ನು ಹಾಕತೊಡಗಿತ್ತು. ೨೦೨೪ರ ನವೆಂಬರಿನಿಂದ ಅದು ೧,೦೦೦ ರೂಪಾಯಿಯಾಗಿದೆ. ಕೆಲಸಗಾರರು ಇದನ್ನು ಗುರುತು ಹಾಕಿಕೊಳ್ಳಬೇಕು, ಅನೇಕರಿಗೆ ತಿಳಿಯದು. ಆದರೆ ಮಹಡಿಯ ಮೇಲೆ ಹಗಲೆಲ್ಲ ಒಂಟಿಯಾಗಿ ಕುಳಿತ ಹದಿನೆಂಟರ ಹುಡುಗನಿಗೆ ಮಾತ್ರೆಯಿಂದ ಓಕರಿಕೆ, ಮೂತ್ರ ಕೆಂಪಾದುದನ್ನು ಕಂಡು ದಿಗಿಲು. (ಆ ಕೆಂಪು ಮಾತ್ರೆಯ ಬಣ್ಣ ಮಾತ್ರ, ಹೆದರಬೇಕಾಗಿಲ್ಲ.) ಮೂರನೆಯ ವಾರದಲ್ಲಿ ಎರಡು ದಿನ ಮಾತ್ರೆಯನ್ನು ನುಂಗದೆ ತೊಟ್ಟಿಯ ಹಿಂದೆ ಎಸೆದಿದ್ದನು.

ಆಗ ನಮ್ಮ ಅಡುಗೆಭಟ್ಟರು ಮಾಡಿದ ಕೆಲಸವನ್ನು ಯಾವ ವೈದ್ಯನೂ ಬರೆದುಕೊಟ್ಟಿರಲಿಲ್ಲ. ಊರಿನಿಂದ ಬಸಳೆಯ ನಾಲ್ಕು ಬಳ್ಳಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರಿಸಿದರು. ಎಣ್ಣೆಯ ಖಾಲಿ ಡಬ್ಬಗಳ ಅಡಿಗೆ ಮೊಳೆಯಿಂದ ತೂತು ಹೊಡೆದು, ತೆಂಗಿನ ನಾರು, ಕೊಳೆತ ಸಿಪ್ಪೆ, ಕಾಫಿಯ ಗಸಿ, ಸ್ವಲ್ಪ ಕೆಮ್ಮಣ್ಣು ತುಂಬಿ ಬಳ್ಳಿಯನ್ನು ಊರಿದರು. ಮಾತ್ರೆಯ ಪೊಟ್ಟಣವನ್ನು ಒಂದು ತಗಡಿನ ಕರಡಿಗೆಯಲ್ಲಿ ಹಾಕಿ ಬಸಳೆಯ ಚಪ್ಪರದ ಕಂಬಕ್ಕೆ ಕಟ್ಟಿದರು. ಮೊದಲು ಮಾತ್ರೆ, ಆಮೇಲೆ ನೀರು. ಮಾತ್ರೆಯನ್ನು ಬಿಟ್ಟರೆ ಬಳ್ಳಿಗೆ ನೀರನ್ನೂ ಬಿಡಬೇಕೆಂಬುದು ಕಟ್ಟಳೆ. ಮದರಾಸಿನ ಬಿಸಿಲಿನಲ್ಲಿ ಒಂದು ದಿನ ನೀರು ತಪ್ಪಿದರೆ ಎಲೆಯು ಸೋತು ಬೀಳುತ್ತದೆ; ಸುಳ್ಳು ಹೇಳಲಿಕ್ಕಾಗದು. ಮತ್ತೆ ಅವನು ಮಾತ್ರೆಯನ್ನು ತಪ್ಪಿಸಲಿಲ್ಲ. ಬೆಳಗ್ಗೆ ಎಂಟರ ಹೊತ್ತಿಗೆ, ಬಾಯ್ಲರಿನ ಮುಂದೆ ಅವನ ಜಾಗದಲ್ಲಿ ನಿಂತಿದ್ದ ಇನ್ನೊಬ್ಬ ಹುಡುಗನು, ಎಲೆ ಬಂತೇ ಎಂದು ಕೇಳಿಕೊಂಡು ಮೇಲೆ ಹತ್ತಿದನು. ಅವನ ಹಿಂದೆ ಇನ್ನಿಬ್ಬರು. ಎರಡನೆಯ ತಿಂಗಳ ಕೊನೆಗೆ ಕಫದಲ್ಲಿ ಕ್ರಿಮಿ ಇಲ್ಲವೆಂದು ವರದಿ ಬಂದಿತು. ಅಷ್ಟರೊಳಗೆ ಹರಿವೆಯೂ ದೊಡ್ಡಪತ್ರೆಯೂ ಕರಿಬೇವೂ ಮಹಡಿಗೆ ಬಂದಿದ್ದವು.

ಬಸಳೆಯು ಅವನನ್ನು ಗುಣಪಡಿಸಿತೆಂದು ನಾವು ಹೇಳುವುದಿಲ್ಲ. ಚೇಟ್‌ಪಟ್ಟಿನವರು ನಮ್ಮನ್ನು ಕ್ಷಮಿಸಲಾರರು. ಆದರೆ ನಾವು ಹೊರಗೆ ಹಾಕಹೊರಟಿದ್ದ ಹುಡುಗನ ಬಳಿಗೆ ಜನರು ತಾವಾಗಿ ಹತ್ತಿ ಬರುವಂತೆ ಮಾಡಿದ್ದು ಅದೇ.

ಈ ಅನುಭವವಾದ ಮೇಲೆ ಬಲ್ಲವರನ್ನು ಕೇಳಿ, ಸಿಕ್ಕಿದ್ದನ್ನು ಓದಿ ತಿಳಿದುಕೊಂಡೆವು. ಅಮೆರಿಕದ ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರ ದಾಖಲೆಗಳನ್ನು ನೋಡಿ ರಾಜರ್ ಉಲ್ರಿಚ್ ಎಂಬವರು ೧೯೮೪ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ೪೬ ರೋಗಿಗಳಲ್ಲಿ ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದ ೨೩ ಮಂದಿ, ಇಟ್ಟಿಗೆಯ ಗೋಡೆಯನ್ನು ಕಾಣುತ್ತಿದ್ದ ೨೩ ಮಂದಿಗಿಂತ ಬೇಗ ಮನೆಗೆ ಹೋದರು, ನೋವಿನ ಬಲವಾದ ಮದ್ದನ್ನೂ ಕಡಮೆ ತೆಗೆದುಕೊಂಡರು. ಇನ್ನೊಂದು ಹೊಸತು. ಡೆನ್ವರ್ ನಗರದಲ್ಲಿ ಹಿಂದಿನ ಎರಡು ವರ್ಷ ತೋಟ ಮಾಡದಿದ್ದ ೨೯೧ ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಸಾರ್ವಜನಿಕರ ಕೂಡುತೋಟಗಳಲ್ಲಿ ತುಂಡು ನೆಲವನ್ನು ಕೊಟ್ಟರು. ೨೦೨೩ರಲ್ಲಿ ಪ್ರಕಟವಾದ ಲೆಕ್ಕದಂತೆ ಅವರ ಆಹಾರದಲ್ಲಿ ನಾರು ದಿನಕ್ಕೆ ಸುಮಾರು ೧.೪ ಗ್ರಾಂ ಹೆಚ್ಚಿತು, ಮೈಗೆ ವ್ಯಾಯಾಮವೂ ಸ್ವಲ್ಪ ಹೆಚ್ಚಾಯಿತು, ಮನಸ್ಸಿನ ಒತ್ತಡ ಮತ್ತು ಕಳವಳಗಳು ತಗ್ಗಿದವು. ಒಂದೂವರೆ ಗ್ರಾಂ ಎಂದರೆ ಹಿಡಿ ಸೊಪ್ಪು. ಹನ್ನೆರಡು ಗಂಟೆ ನಿಂತುಕೊಂಡೇ ದುಡಿಯುವ ನಮ್ಮ ಸಪ್ಲೈಯರನಿಗೆ ವ್ಯಾಯಾಮದ ಕೊರತೆಯಿಲ್ಲ; ಅವನಿಗೆ ಬೇಕಾದದ್ದು ಕುಳಿತುಕೊಳ್ಳುವ ಸ್ಥಳವು. ಆದ್ದರಿಂದ ಆ ಲೆಕ್ಕದಲ್ಲಿ ನಮಗೆ ಅನ್ವಯಿಸುವುದು ಕೊನೆಯ ಮಾತು ಮಾತ್ರ, ಕಳವಳದ ಮಾತು.

ಕ್ರೈಸ್ತ ವೈದ್ಯರಲ್ಲಿಯೂ ಈ ವಿಚಾರವು ನಡೆದಿದೆ. ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ೧೯೬೪ರಲ್ಲಿ ಕೂಡಿದ ಸಭೆಯೊಂದು, ರೋಗಶಾಂತಿಯು ಆಸ್ಪತ್ರೆಯ ನಾಲ್ಕು ಗೋಡೆಗಳ ಕೆಲಸವಲ್ಲ, ಇಡಿಯ ಸಭೆಯ, ಅಂದರೆ ನೆರೆಹೊರೆಯ ಕೆಲಸ ಎಂಬ ಅಭಿಪ್ರಾಯಕ್ಕೆ ಬಂದಿತು. ವೇಲೂರಿನಲ್ಲಿ ಓದಿದ ರಾಜ್ ಮತ್ತು ಮೇಬೆಲ್ ಆರೋಳೆ ದಂಪತಿಗಳು ೧೯೭೦ರಲ್ಲಿ ಮಹಾರಾಷ್ಟ್ರದ ಜಾಮಖೇಡಿನಲ್ಲಿ ಇದನ್ನು ಮಾಡಿ ತೋರಿಸಿದರು. ಹಳ್ಳಿಯ ಹೆಂಗಸರಿಗೇ ಆರೋಗ್ಯದ ಪಾಠವನ್ನು ಕಲಿಸಿ, ಮದ್ದಿಗೆ ಮೊದಲು ಬಾವಿ, ಸಸಿ, ಕೈತೋಟಗಳ ಕಡೆಗೆ ಗಮನ ಕೊಟ್ಟರು. ೧೯೭೯ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ಬಂದಿತು.

ಮೈಲಾಪುರದಲ್ಲಿ ನಮಗೆ ನೆಲವೆಲ್ಲಿ ಎಂದು ಕೇಳುವಿರಿ. ಹಿಂದೆ ನಮ್ಮವರಿಗೊಂದು ತೋಟವಿತ್ತು. ೧೮೩೫ರಲ್ಲಿ ಸ್ಥಾಪಿತವಾದ ಕೃಷಿ ತೋಟಗಾರಿಕಾ ಸಂಘದ ನೆಲದಲ್ಲಿ, ಕ್ಯಾಥೀಡ್ರಲ್ ರಸ್ತೆಯಲ್ಲಿ, ಕೃಷ್ಣರಾಯರು ೧೯೬೨ರಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಹೋಟೆಲನ್ನು ತೆರೆದರು. ಮಳೆಮರಗಳ ಕೆಳಗೆ ಕಾರುಗಳು. ಕಾರಿನ ಕಿಟಕಿಗೆ ಸಿಕ್ಕಿಸಿದ ತಟ್ಟೆ. ತಟ್ಟೆಯನ್ನು ಹಿಡಿದ ಮಾಣಿಗೂ ನೆರಳಿನಲ್ಲಿಯೇ ಓಡಾಟ. ನಮ್ಮ ಕಸಬಿನವರಿಗೆ ಈ ನಗರದಲ್ಲಿ ಅಂಥ ಭಾಗ್ಯವು ಬೇರೆಲ್ಲಿಯೂ ಇರಲಿಲ್ಲ. ೨೦೦೮ರಲ್ಲಿ ಅದು ಮುಚ್ಚಿತು. ೨೦೧೦ರ ನವೆಂಬರಿನಲ್ಲಿ ಅಲ್ಲಿ ಸುಮಾರು ೨೦ ಎಕರೆಯ ಸೆಮ್ಮೊಳಿ ಪೂಂಗಾ ಎಂಬ ಸರಕಾರಿ ಉದ್ಯಾನವು ತೆರೆಯಿತು. ಲಜ್‌ನಲ್ಲಿ ನಾಗೇಶ್ವರರಾವ್ ಉದ್ಯಾನವಿದೆ. ೧೮೯೩ರಲ್ಲಿ ಮುಂಬಯಿಯಲ್ಲಿ ಅಮೃತಾಂಜನವನ್ನು ಪ್ರಾರಂಭಿಸಿದ ಕಾಶೀನಾಥುನಿ ನಾಗೇಶ್ವರರಾವ್ ಪಂತುಲುರವರ ಹೆಸರು ಅದಕ್ಕೆ. ದಿನವೂ ಹಣೆಗೆ ಆ ಹಳದಿ ಮುಲಾಮನ್ನು ತಿಕ್ಕಿಕೊಳ್ಳುವ ನಮ್ಮ ಗುಮಾಸ್ತರು ವಾರಕ್ಕೊಮ್ಮೆ ಆ ಉದ್ಯಾನದ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತರೆ ಮುಲಾಮಿನ ಖರ್ಚು ತಗ್ಗೀತು. ಆದರೆ ಇವು ನೋಡುವ ತೋಟಗಳು. ಕೈಗೆ ಮಣ್ಣು ಮೆತ್ತಬೇಕಾದರೆ ನಮಗಿರುವುದು ಮಹಡಿಯೊಂದೇ.

ಮಹಡಿಗೆ ಮೊದಲು ಮಾಲೀಕನ ಒಪ್ಪಿಗೆ. ನಮ್ಮ ಓಣಿಯಲ್ಲಿಯೇ ಒಬ್ಬ ಮಾಲೀಕರು ಸೋರುತ್ತದೆಂದು ಹದಿನಾಲ್ಕು ಡಬ್ಬಗಳನ್ನು ಕೆಳಗಿಳಿಸಿದರು. ಅವರ ಮಾತಿನಲ್ಲಿ ಸತ್ಯವಿತ್ತು, ಡಬ್ಬಗಳ ಕೆಳಗೆ ಇಟ್ಟಿಗೆಯನ್ನು ಕೊಟ್ಟಿರಲಿಲ್ಲ. ಭಾರವನ್ನು ಗೋಡೆಯ ಮಗ್ಗುಲಲ್ಲಿಡಬೇಕು, ನಡುಮಹಡಿಯಲ್ಲಲ್ಲ. ಕಡಲ ಸಮೀಪದ ಬಾವಿಗಳ ನೀರು ಉಪ್ಪಾಗಿದ್ದರೆ ಗಿಡಕ್ಕೆ ಆಗದು; ಅಕ್ಕಿ, ತರಕಾರಿ ತೊಳೆದ ನೀರು ಹೋಟೆಲಿನಲ್ಲಿ ಬೇಕಾದಷ್ಟಿದೆ, ಸೋಪಿನ ನೀರನ್ನು ಮಾತ್ರ ಬೆರೆಸಬಾರದು. ಡಬ್ಬದ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗೆಯ ಸೊಳ್ಳೆಗೆ ತೊಟ್ಟಿಲು ಕಟ್ಟಿದಂತೆ, ಆದ್ದರಿಂದ ತಟ್ಟೆಯೇ ಬೇಡ. ಹರಿವೆಯು ಒಂದು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಮೇ ತಿಂಗಳಲ್ಲಿ ಹೊಸದನ್ನು ನೆಡಬೇಡಿ. ಅಕ್ಟೋಬರಿನ ಮಳೆ ಹಿಡಿದ ಮೇಲೆ ನೆಡಿರಿ. ಎರಡು ವಾರ ದಾಟಿದ ಕೆಮ್ಮಿಗೆ ದೊಡ್ಡಪತ್ರೆಯ ಕಷಾಯವೂ ಮೇಣದ ಬತ್ತಿಯೂ ಸಾಲವು. ಕಫದ ಪರೀಕ್ಷೆ ಮೊದಲು.

ಆ ಹುಡುಗನು ಈಗ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಕಾಫಿಯ ಮೇಸ್ತ್ರಿ. ವೃದ್ಧ ಸಂನ್ಯಾಸಿನಿಯವರು ತೀರಿಕೊಂಡರು. ಅವರ ಶವಸಂಸ್ಕಾರದ ದಿನ ನಮ್ಮ ಭಟ್ಟರು ಜನಿವಾರವನ್ನು ಅಂಗಿಯೊಳಗೆ ಸರಿಪಡಿಸಿಕೊಂಡು ದೇವಾಲಯದ ಬಾಗಿಲಲ್ಲಿ ಒಂದು ಗಂಟೆ ನಿಂತಿದ್ದರು. ಹೋಟೆಲನ್ನು ನಾವು ಬೇರೆಯವರಿಗೆ ವಹಿಸಿದ್ದಾಯಿತು. ಮಹಡಿಯ ತೋಟವನ್ನು ಅವರು ಉಳಿಸಿಕೊಂಡಿದ್ದಾರೆ. ಬಸಳೆಯ ಬಳ್ಳಿ ಬೇಕಾದವರು ಭಾನುವಾರ ಮಧ್ಯಾಹ್ನ ನಾಲ್ಕರ ಮೇಲೆ ಅಲ್ಲಿಗೆ ಹೋದರೆ ಭಟ್ಟರು ಕೊಯ್ದು ಕೊಡುವರು. ಒದ್ದೆ ಬಟ್ಟೆಯನ್ನು ತಾವೇ ತರಬೇಕು.